ಒಂದು ಸೈಕಲ್ಲಿನ ಸಂಸಾರ

ಮೈಸೂರಿನಲ್ಲಿ ರೈಲು ಹತ್ತಿ ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ, ಅದು ಖಾಲಿಯಾಗುವ ಮೊದಲೇ ಶ್ರೀರಂಗಪಟ್ಟಣ ಬಂದುಬಿಡುತ್ತದೆ. ಅಂಥ ಊರಿಗೆ ಹೋಗಿಬರಲು ನಮ್ಮ ಮನೆಯಲ್ಲಿ ಮೂರು ವಾರದಿಂದ ಸಭೆ ನಡೆಯುತ್ತಿದೆ. ಈ ಸಲ ಹೋಗುವುದು ಸೈಕಲ್ಲಿನಲ್ಲಿ, ನಾಲ್ಕೂ ಜನ, ಒಂದು ರಾತ್ರಿ ತಂಗುವಂತೆ. ಶನಿವಾರ ಬೆಳಿಗ್ಗೆ ಹೊರಟು, ಗಂಜಾಂನ ಚಿಕ್ಕಮ್ಮನ ಮನೆಯಲ್ಲಿ ಮಲಗಿ, ಭಾನುವಾರ ಬಿಸಿಲೇರುವ ಮೊದಲು ವಾಪಸು.

ಚಿಕ್ಕಮ್ಮನಿಗೆ ಫೋನ್ ಮಾಡಿದೆ.

“ಸೈಕಲ್ಲಲ್ಲಾ? ಯಾಕೋ ಮಗಾ, ಕಾರು ಕೆಟ್ಟೋಯ್ತಾ?”

“ಇಲ್ಲ ಚಿಕ್ಕಮ್ಮ, ಚೆನ್ನಾಗೇ ಇದೆ.”

“ಮತ್ತೆ?”

ಆ ‘ಮತ್ತೆ’ಗೆ ನನ್ನಲ್ಲಿ ಉತ್ತರವಿರಲಿಲ್ಲ. “ರಾತ್ರಿಗೆ ಮುದ್ದೆ ಮಾಡ್ಲಾ, ಚಪಾತಿನಾ?” ಎಂದು ಕೇಳಿ ಅವಳೇ ನನ್ನನ್ನು ಪಾರುಮಾಡಿದಳು.

ದಾರಿಯ ವಿಚಾರ ಬೇಗ ಇತ್ಯರ್ಥವಾಯಿತು. ನೇರ ಹೋದರೆ ಹದಿನೈದು ಹದಿನಾರು ಕಿಲೋಮೀಟರ್. ಆದರೆ ಒಂಬತ್ತು ವರ್ಷದ ಮಗನನ್ನು ಲಾರಿಗಳ ಪಕ್ಕ ಬಿಡುವುದಿಲ್ಲ ಎಂದು ಹೆಂಡತಿ ಆ ದಾರಿಗೆ ಅಡ್ಡಗೆರೆ ಎಳೆದಳು. ಕೆಆರ್‌ಎಸ್ ರಸ್ತೆ ಹಿಡಿದು ಬೆಳಗೊಳದವರೆಗೆ ಹೋಗಿ, ಪಾಲಹಳ್ಳಿಯ ಕಡೆ ಹೊರಳಿ, ರಂಗನತಿಟ್ಟಿನ ಬದಿಯಿಂದ ಪಟ್ಟಣ ಸೇರುವುದು ಎಂದಾಯಿತು. ಸುತ್ತು ಜಾಸ್ತಿ, ಗದ್ದೆಯ ಗಾಳಿ, ಚಹಾದಂಗಡಿ ಇತ್ಯಾದಿ ಅದಕ್ಕೆ ಪರಿಹಾರ.

ಸಾಮಾನಿನ ಪಟ್ಟಿ ಮಾತ್ರ ದಿನಕ್ಕೊಂದು ಸಾಲು ಬೆಳೆಯಿತು. ಪಂಪು, ಹೆಚ್ಚುವರಿ ಟ್ಯೂಬು, ಸಲ್ಯೂಷನ್, ಗ್ಲೂಕೋಸ್, ನನ್ನ ಮೊಣಕಾಲಿಗೆ ಮುಲಾಮು. ಇದೆಲ್ಲ ಹೊತ್ತರೆ ಹೇಗಿರುತ್ತದೆ ನೋಡೋಣವೆಂದು ಒಂದು ಭಾನುವಾರ ಪರೀಕ್ಷೆಗೆ ಹೊರಟೆವು. ಹದಿನಾಲ್ಕರ ಮಗಳು ಗೇರಿನ ಸೈಕಲ್ ಏರಿ ಕಣ್ಮರೆಯಾದಳು. ಹೆಂಡತಿ ತನ್ನ ಬುಟ್ಟಿ ಸೈಕಲ್ಲಿನಲ್ಲಿ ತರಕಾರಿಗೆ ಹೊರಟವಳ ಹಾಗೆ ನಿಧಾನವಾಗಿ ಬಂದಳು. ಮಗನದು ಪುಟ್ಟ ಚಕ್ರ. ಅಕ್ಕ ಒಂದು ಸುತ್ತು ತುಳಿದು ಹೋದಷ್ಟು ದೂರಕ್ಕೆ ಅವನು ಎರಡು ಸುತ್ತು ತುಳಿಯಬೇಕು. ನಾನು ಮೊಣಕಾಲಿನ ಜೊತೆ ಮಾತಾಡುತ್ತಾ ಹಿಂದೆ ಉಳಿದೆ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ನಮ್ಮದು ನಾಲ್ಕು ಬೇರೆ ಬೇರೆ ಸಂಸಾರವಾಗಿತ್ತು.

ಅಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡಿದರು. “ನಿಮ್ಮಮ್ಮ, ನಾನು, ನೀವಿಬ್ಬರು, ರಥಸಪ್ತಮಿ ತೇರಿಗೆ ಹೋಗ್ತಿರಲಿಲ್ವಾ? ಏನು ಪ್ಲಾನ್ ಮಾಡಿದ್ವಿ?”

ಹೌದು, ಹೋಗುತ್ತಿದ್ದೆವು. ಒಂದೇ ಅಟ್ಲಾಸ್ ಸೈಕಲ್ಲಿನಲ್ಲಿ. ಕ್ಯಾರಿಯರ್ ಮೇಲೆ ಅಮ್ಮ, ಅವಳ ತೊಡೆಯ ಮೇಲೆ ತಂಗಿ, ಹ್ಯಾಂಡಲ್ಲಿಗೆ ಬುತ್ತಿಚೀಲ, ಮುಂದಿನ ಬಾರಿಗೆ ಟವೆಲ್ ಸುತ್ತಿ ಅದರ ಮೇಲೆ ನಾನು. ಟವೆಲ್ ಇದ್ದರೂ ಬಾರಿನ ಗುರುತು ಮಾರನೆಯ ದಿನದವರೆಗೂ ಉಳಿಯುತ್ತಿತ್ತು. ಆ ದಾರಿಯಲ್ಲಿ ಏನು ನೋಡಿದೆನೋ ಮರೆತಿದೆ. ನೆತ್ತಿಯ ಮೇಲೆ ಬೀಳುತ್ತಿದ್ದ ಅಪ್ಪನ ಉಸಿರು ನೆನಪಿದೆ. ಏರಿನಲ್ಲಿ ಅದು ಬಿಸಿಯಾಗಿ ದಪ್ಪಗಾಗುತ್ತಿತ್ತು. ಇಳಿಜಾರು ಬಂದರೆ ಅದೇ ಉಸಿರು ಸಿಳ್ಳೆಯಾಗುತ್ತಿತ್ತು.

ಆಗ ಡಬಲ್ ರೈಡ್ ಅಪರಾಧ. ಪೊಲೀಸರು ಹಿಡಿದರೆ ದಂಡ, ಇಲ್ಲವೇ ಚಕ್ರದ ಗಾಳಿ ಬಿಡುವ ಶಿಕ್ಷೆ. ನಮ್ಮದೋ ಡಬಲ್ಲಿನ ಡಬಲ್. ಆದ್ದರಿಂದ ಸರ್ಕಲ್ ಹತ್ತಿರವಾಗುತ್ತಿದ್ದಂತೆ ಅಪ್ಪ ಬ್ರೇಕ್ ಹಿಡಿಯುತ್ತಿದ್ದರು, ಎಲ್ಲರೂ ಇಳಿಯುತ್ತಿದ್ದೆವು. ಅಪ್ಪ ಸೈಕಲ್ ತಳ್ಳುತ್ತಾ, ಅಮ್ಮ ಸೆರಗು ಹೊದ್ದು, ನಾವು ಅವಳ ಕೈ ಹಿಡಿದು ಪೊಲೀಸಪ್ಪನ ಮುಂದೆ ಮಹಾ ಸಭ್ಯರಂತೆ ನಡೆದುಹೋಗಿ, ಆಚೆ ತಿರುವಿನಲ್ಲಿ ಮತ್ತೆ ಹತ್ತುತ್ತಿದ್ದೆವು.

ಈ ಯಂತ್ರವನ್ನು ಕಂಡುಹಿಡಿದವರಿಗೆ ಸಂಸಾರದ ಯೋಚನೆ ಇದ್ದಂತಿಲ್ಲ. 1817ರ ಜೂನ್ 12ರಂದು ಜರ್ಮನಿಯ ಮನ್‌ಹೈಮಿನಿಂದ ಕಾರ್ಲ್ ಡ್ರೈಸ್ ಎಂಬಾತ ಮರದ ಎರಡು ಚಕ್ರದ ಗಾಡಿ ಏರಿ, ಪೆಡಲಿಲ್ಲದೆ ನೆಲವನ್ನೇ ಕಾಲಿನಿಂದ ಒದೆಯುತ್ತಾ ಸುಮಾರು 14 ಕಿಲೋಮೀಟರ್ ಹೋಗಿಬಂದ, ಒಬ್ಬನೇ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನು ಜೋಡಿಸಿ ರೋವರ್ ಸೈಕಲ್ ತಂದ; ಇವತ್ತಿನ ಸೈಕಲ್ಲಿನ ಆಕಾರ ಹೆಚ್ಚುಕಡಿಮೆ ಅದೇ. ಅದಕ್ಕೂ ಒಂದೇ ಸೀಟು. ಮನೆಯವರ ಕಡೆ ನೋಡಿದವನೆಂದರೆ ಬೆಲ್‌ಫಾಸ್ಟಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್. ಗಟ್ಟಿ ರಬ್ಬರಿನ ಚಕ್ರದ ಮೇಲೆ ಮಗ ಕುಲುಕಾಡುವುದನ್ನು ನೋಡಲಾರದೆ, 1888ರಲ್ಲಿ ಅವನ ಮೂರು ಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಹಾಕಿದ. ಉಳಿದದ್ದನ್ನು ನಮ್ಮ ಅಪ್ಪಂದಿರು ಪೂರೈಸಿದರು. ಒಬ್ಬನಿಗೆಂದು ಮಾಡಿದ ಯಂತ್ರದ ಮೇಲೆ ಸಂಸಾರ ಹೂಡಿದರು. ಒಂದು ಸೈಕಲ್ಲಿನ ಸಂಸಾರಕ್ಕೆ ವೇಗವೂ ಒಂದೇ. ಯಾರೂ ಮುಂದೆ ಹೋಗುವಂತಿಲ್ಲ, ಯಾರೂ ಹಿಂದೆ ಬೀಳುವಂತಿಲ್ಲ. ಅಪ್ಪನಿಗೆ ಪ್ಲಾನ್ ಬೇಕಾಗಿರಲಿಲ್ಲ ನಿಜ. ಅವರ ಪ್ಲಾನಿಗೆ ಎರಡೇ ಚಕ್ರ ಇದ್ದವು.

ಮಕ್ಕಳಿಗೆ ಹುರುಪು ಬರಲಿ ಎಂದು ಊಟದ ಹೊತ್ತಿನಲ್ಲಿ ಮುಂಬಯಿಯ ಪಾರ್ಸಿ ಯುವಕರ ಕಥೆ ಹೇಳಿದೆ. 1923ರಲ್ಲಿ ಸೈಕಲ್ ಹತ್ತಿ ಆರು ಮಂದಿ ಹೊರಟರು. ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ ಮೂವರು ಸುಮಾರು 71,000 ಕಿಲೋಮೀಟರ್ ತುಳಿದು, ಪ್ರಪಂಚ ಸುತ್ತಿ 1928ರಲ್ಲಿ ಊರಿಗೆ ಮರಳಿದರು.

“ಅವರು ಪ್ರಪಂಚ ಸುತ್ತೋಕೆ ನಾಲ್ಕೂವರೆ ವರ್ಷ. ನಿಮ್ಮ ಲೆಕ್ಕದಲ್ಲಿ ಅವರಿನ್ನೂ ಪಟ್ಟಿ ಬರೀತಾ ಕೂತಿರಬೇಕಿತ್ತು,” ಎಂದಳು ಹೆಂಡತಿ.

ಮಗ ತುತ್ತು ನಿಲ್ಲಿಸಿದ. “ಆರು ಜನ ಹೋಗಿ ಮೂರೇ ಜನ ಸುತ್ತಿದ್ರಾ? ಮಿಕ್ಕವರನ್ನ ಬಿಟ್ಟು ಹೋದ್ರಾ?”

ಕಥೆಯ ಆ ಕಡೆಯಿಂದ ನಾನು ಯೋಚಿಸಿರಲಿಲ್ಲ. ಭಾನುವಾರ ಬೀದಿಯ ಕೊನೆಯಲ್ಲಿ ಒಬ್ಬನೇ ನಿಂತಿದ್ದವನು ಅವನಲ್ಲವೇ.

ಎರಡನೆಯ ಪರೀಕ್ಷೆಯ ದಿನ ಅವನ ಸೈಕಲ್ಲಿಗೇ ಜಾಲಿಮುಳ್ಳು ಚುಚ್ಚಿತು. ಪಟ್ಟಿಯಲ್ಲಿದ್ದ ಪಂಪು ಪಟ್ಟಿಯಲ್ಲೇ ಇತ್ತು. ಮಗಳು ಅಷ್ಟು ದೂರದಿಂದ ತಿರುಗಿ ಬಂದಳು, ಯಾರೂ ಕರೆಯದೆ. ಪಂಕ್ಚರ್ ಅಂಗಡಿಯವರೆಗೆ ನಾಲ್ವರೂ ಸೈಕಲ್ ತಳ್ಳಿಕೊಂಡು ನಡೆದೆವು. ಎಷ್ಟು ವಾರವಾಗಿತ್ತೋ, ಮಗಳು ಶಾಲೆಯ ವಿಷಯ ತಾನಾಗಿ ಹೇಳಿದಳು. ಮಗ ನಡುವೆ ಬಾಯಿ ಹಾಕಿದ. ಅಂಗಡಿಯವನು ಟ್ಯೂಬು ಎಳೆದು, ಗಾಳಿ ತುಂಬಿ, ಬೋಗುಣಿಯ ಕಪ್ಪು ನೀರಿನಲ್ಲಿ ಇಂಚಿಂಚೇ ಅದ್ದಿದ. ಒಂದು ಕಡೆ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. “ಇಲ್ಲೈತೆ ನೋಡಪ್ಪಾ ಕಳ್ಳ,” ಎಂದು ಮಗನಿಗೆ ತೋರಿಸಿದ. ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಬಾಯಲ್ಲಿ ಊದಿ ಆರಿಸಿ ಪ್ಯಾಚ್ ಒತ್ತುವವರೆಗೂ ನಾಲ್ಕು ತಲೆ ಒಂದೇ ಬೋಗುಣಿಯ ಮೇಲೆ ಬಾಗಿದ್ದವು.

ಅಂದು ರಾತ್ರಿ ಹೆಂಡತಿ ನನ್ನ ಪಟ್ಟಿಯ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಒಂದೇ ಸಾಲು ಬರೆದಳು: ಮುಂದೆ ಪುಟ್ಟ; ಅವನನ್ನು ಯಾರೂ ದಾಟಕೂಡದು. ಮಗಳು “ಹಾಗಾದ್ರೆ ಸೋಮವಾರ ತಲುಪ್ತೀವಿ,” ಎಂದು ಗೊಣಗಿದಳೇ ಹೊರತು ಬೇಡವೆನ್ನಲಿಲ್ಲ. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು.

“ಬೆಲ್ಲು ಇದ್ಯೇನೋ ನಿಮ್ಮ ಸೈಕಲ್‌ಗಳಿಗೆ?”

ಹೊರಗೆ ಹೋಗಿ ನೋಡಿದೆ. ನನ್ನದು ತುಕ್ಕು ಹಿಡಿದು ಮೂಕವಾಗಿತ್ತು, ಹೆಂಡತಿಯದಕ್ಕೆ ಮುಚ್ಚಳವೇ ಇರಲಿಲ್ಲ, ಮಗಳ ಗೇರಿನ ಸೈಕಲ್ಲಿಗೆ ಕಂಪನಿಯೇ ಕೊಟ್ಟಿರಲಿಲ್ಲ. ಮಗನದು ಮಾತ್ರ ಟ್ರಿಣ್ ಎಂದಿತು.

“ಮುಂದಿರೋನಿಗಿದ್ರೆ ಆಯ್ತು ಬಿಡು,” ಎಂದು ಅಪ್ಪ ಪೇಪರ್ ಬಿಡಿಸಿಕೊಂಡರು.