ಪ್ಲಾಟ್‌ಫಾರ್ಮು ಬಿಡದ ಓವನ್ನು

ಡೊಂಬಿವಲಿಯಿಂದ ಮುಂಬಯಿಗೆ ಮೂವತ್ತು ವರ್ಷ ವಿದ್ಯುತ್ ರೈಲಿನಲ್ಲಿ ಓಡಾಡಿದ ನಮಗೆ ವಿದ್ಯುತ್ತಿನ ಮರ್ಮವೆಲ್ಲ ತಿಳಿದಿದೆ ಎಂಬ ಭ್ರಮೆಯೊಂದಿತ್ತು. ಅದನ್ನು ಬಿಡಿಸಿದ್ದು ನಮ್ಮದೇ ಅಡಿಗೆಮನೆಯ ಓವನ್ನು.

ಸಂಘದ ರಾಜ್ಯೋತ್ಸವಕ್ಕೆ ಇನ್ನೂರು ನಾನ್‌ಖಟಾಯಿ ಮಾಡಿಕೊಡುವುದಾಗಿ ನಮ್ಮ ಮನೆಯವರು ಮಾತು ಕೊಟ್ಟಿದ್ದರು. ನಾಲ್ಕು ದಿನ ಇದೆ ಎನ್ನುವಾಗ ಓವನ್ನಿನ ಕೆಳಗಿನ ರಾಡು ಸುಟ್ಟುಹೋಯಿತು. ಮೆಕ್ಯಾನಿಕ್ಕನನ್ನು ಕರೆದರೆ ದುಡ್ಡು ದಂಡವೆಂದು ಬಗೆದು, ಪ್ಲಗ್ಗು ಕಿತ್ತು, ಹಿಂಬದಿಯ ತಗಡನ್ನು ನಾವೇ ಬಿಚ್ಚಿದೆವು. ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಅಂಗಡಿಯ ಹುಡುಗ ಅದೇ ಅಳತೆಯ, 750 ವಾಟಿನ ರಾಡೊಂದನ್ನು ಕೊಟ್ಟ. ತಂದು ಕೂರಿಸಿ, ತಂತಿಗಳನ್ನು ನೆನಪಿನ ಬಲದಿಂದಲೇ ಜೋಡಿಸಿದೆವು. ದೀಪವೇನೋ ಹತ್ತಿತು. ಆದರೆ ಅರ್ಧ ಗಂಟೆ ಕಳೆದರೂ ನಾನ್‌ಖಟಾಯಿಗಳು ತುಪ್ಪ ಬಿಟ್ಟುಕೊಂಡು ಬೆಳ್ಳಗೆ ಕುಳಿತಿದ್ದವು.

ರಾಡು ಹಿಡಿದು ಅಂಗಡಿಗೆ ಹೋದೆವು. ಹುಡುಗ ಮೀಟರು ಹಚ್ಚಿ ನೋಡಿ, “ಇದು ಸರಿಯಾಗಿದೆ, ಕಾಕಾ” ಎಂದ. ನಾವು ಒಪ್ಪಲಿಲ್ಲ. ಪಾಪ, ದುಡ್ಡು ಕೇಳದೆ ಹೊಸದೊಂದನ್ನು ಕೊಟ್ಟ. ಅದನ್ನು ಹಾಕಿದರೂ ಅದೇ ಕಥೆ. ಮತ್ತೆ ಹೋಗಿ, ನಾಲ್ಕು ಗಿರಾಕಿಗಳ ಎದುರಿಗೇ ಅವನನ್ನು ಮೋಸಗಾರನೆಂದು ಕರೆದುಬಿಟ್ಟೆವು. ಹುಡುಗ ತಲೆ ತಗ್ಗಿಸಿದ, ಮಾತಾಡಲಿಲ್ಲ.

ನಮ್ಮ ಮೇಲಿನ ಮನೆಯಲ್ಲಿ ಧಾರವಾಡದ ಹಿರಿಯರೊಬ್ಬರಿದ್ದಾರೆ; ಕಳವಾ ಕಾರ್‌ಶೆಡ್ಡಿನಲ್ಲಿ ಲೋಕಲ್ ಗಾಡಿಗಳ ರಿಪೇರಿ ಮಾಡಿ ನಿವೃತ್ತರಾದವರು. ಸಂಜೆ ಅವರು ಬಂದು ಓವನ್ನಿನ ಪ್ಲಗ್ಗಿಗೆ ಮಲ್ಟಿಮೀಟರು ಹಿಡಿದರು. ಒಂದೊಂದು ರಾಡಿನ ರೋಧ ಸುಮಾರು 70 ಓಮ್. ಮೇಲಿನದು, ಕೆಳಗಿನದು ಎರಡೂ ಅಕ್ಕಪಕ್ಕ ಜೋಡಣೆಯಾಗಿದ್ದರೆ 35 ತೋರಿಸಬೇಕು. ತೋರಿಸಿದ್ದು 140!

“ರಾಯರ, ರಾಡಿಗೆ ಏನೂ ಆಗಿಲ್ಲ. ನೀವು ಎರಡನ್ನೂ ಒಂದರ ಹಿಂದ ಒಂದು ಕಟ್ಟೀರಿ” ಎಂದರು.

ಹಾಗೆ ಕಟ್ಟಿದಾಗ 230 ವೋಲ್ಟು ಎರಡಕ್ಕೂ ಹಂಚಿಹೋಗಿ ಒಂದೊಂದಕ್ಕೆ 115 ಮಾತ್ರ ಸಿಕ್ಕುತ್ತದೆ. ವೋಲ್ಟು ಅರ್ಧವಾದರೆ ಶಾಖ ಕಾಲುಭಾಗ. 1500 ವಾಟು ಕೊಡಬೇಕಾದ ನಮ್ಮ ಓವನ್ನು 375ರಲ್ಲಿ ತೂಕಡಿಸುತ್ತಿತ್ತು. ಮುಂಬಯಿ ಲೋಕಲ್ಲುಗಳೆಲ್ಲ 2016ರ ಹೊತ್ತಿಗೆ 25,000 ವೋಲ್ಟಿಗೆ ಬದಲಾದವಷ್ಟೆ. ಅದಕ್ಕೂ ಹಿಂದಿನ 1500 ವೋಲ್ಟಿನ ಡಿ.ಸಿ. ಕಾಲದ ಮಾತನ್ನು ಹಿರಿಯರು ನೆನೆದರು: “ಗಾಡಿ ಹೊರಡುವಾಗ ಮೋಟಾರುಗಳನ್ನ ಹಿಂಗ ಒಂದರ ಹಿಂದ ಒಂದು ಕಟ್ಟಿ ಮೆಲ್ಲಗ ಎಬ್ಬಿಸತಿದ್ವಿ. ವೇಗ ಬೇಕಾದಾಗ ಜೋಡಣೆ ಬದಲಾಗತಿತ್ತು. ನಿಮ್ಮ ಓವನ್ನು ಇನ್ನೂ ಪ್ಲಾಟ್‌ಫಾರ್ಮೇ ಬಿಟ್ಟಿಲ್ಲ ನೋಡ್ರಿ!”

ಎರಡು ತಂತಿ ಬದಲಾದವು. ಹತ್ತು ನಿಮಿಷದಲ್ಲಿ ಏಲಕ್ಕಿಯ ಪರಿಮಳ ಮೆಟ್ಟಿಲಿನವರೆಗೂ ಹಬ್ಬಿತು. ಮನೆಯವರ ಮಾತು ಉಳಿಯಿತು. ನಾವಾಡಿದ ಮಾತಿನ ಗತಿಯೇನು?

ಮರುದಿನ ಎರಡನೆಯ ರಾಡಿನ ಹಣವನ್ನೂ ಒಂದು ಡಬ್ಬಿ ನಾನ್‌ಖಟಾಯಿಯನ್ನೂ ಹಿಡಿದು ಅಂಗಡಿಗೆ ಹೋದೆವು. ತಪ್ಪು ನಮ್ಮದೆಂದು, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆವು. ಹುಡುಗ ಹಣ ಎಣಿಸಿಕೊಂಡು, ಒಂದು ನಾನ್‌ಖಟಾಯಿ ಬಾಯಿಗೆ ಹಾಕಿಕೊಂಡು, “ಮುಂದಿನ ಸಲ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಕಾಕಾ” ಎಂದ.

ಅಂದಿನ ಆ ನಾಲ್ಕು ಗಿರಾಕಿಗಳು ಮಾತ್ರ ಅಲ್ಲಿರಲಿಲ್ಲ. ಆ ಗಲ್ಲಿಯಲ್ಲಿ ಹಾಯುವಾಗಲೆಲ್ಲ ನಮ್ಮ ಕಣ್ಣು ಈಗಲೂ ಅವರನ್ನೇ ಹುಡುಕುತ್ತದೆ.