ಕುರ್ಚಿ ಮಾಡಿದವರ ಮಕ್ಕಳು

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದ ಕಡೆ ಹೋದಾಗ, ಲೇತ್ ಮಿಷಿನ್ನುಗಳ ಗದ್ದಲದ ನಡುವೆ ಎಲ್ಲಾದರೂ ಮರದ ಹೊಟ್ಟಿನ ವಾಸನೆ ಬಂದರೆ ನನ್ನ ಕಾಲು ನಿಂತುಬಿಡುತ್ತದೆ. ಬಸವೇಶ್ವರನಗರದ ನಮ್ಮ ಮನೆಗೆ ಮಂಚ, ಬೀರು ಮಾಡಿಕೊಟ್ಟ ಯಜಮಾನರು ಅಂಥದೇ ಒಂದು ಷೆಡ್ಡಿನವರು. ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದು, ಯಾರದೋ ಕೈಕೆಳಗೆ ಉಪ್ಪುಕಾಗದ ಉಜ್ಜಿ, ಉಳಿ ಹಿಡಿಯಲು ಕಲಿತು, ಹೆಂಡತಿಯ ಒಡವೆ ಅಡವಿಟ್ಟು ಮೊದಲ ಗರಗಸದ ಮಿಷಿನ್ನು ತಂದವರು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ತೇಗದ ದಿಮ್ಮಿಯನ್ನು ತಟ್ಟಿ ನೋಡಿಯೇ ವ್ಯಾಪಾರ ಕುದುರಿಸುತ್ತಿದ್ದರು. ಮಂಚಕ್ಕೆ ಅವಸರ ಮಾಡಿದ್ದಕ್ಕೆ, "ಗೃಹಪ್ರವೇಶದ ಆತುರ ನಿಮಗೆ ಸಾರ್, ಮರಕ್ಕಲ್ಲ. ಒಣಗಲಿ ಬಿಡಿ" ಅಂದಿದ್ದರು. ಆ ಮಂಚ ಇವತ್ತಿಗೂ ಕಿರುಗುಟ್ಟಿಲ್ಲ.

ಅವರ ಮಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅಪ್ಪ ಮಾಡದ ಕುರ್ಚಿಯ ಮೇಲೆ ದಿನವಿಡೀ ಕೂತು ಬೆನ್ನುನೋವು ತಂದುಕೊಂಡಿದ್ದಾನೆ. "ನನ್ನ ನಂತರ ಇದನ್ನು ನೋಡಿಕೊಳ್ಳೋರು ಯಾರು?" ಎಂದು ಯಜಮಾನರು ಕೇಳಿದಾಗಲೆಲ್ಲ ನನಗೆ ಮೈಕೇಲ್ ಥೋನೆಟ್ ನೆನಪಾಗುತ್ತಾನೆ.

ಥೋನೆಟ್ 1796ರಲ್ಲಿ ರೈನ್ ನದಿ ದಂಡೆಯ ಬೊಪಾರ್ಡ್ ಊರಿನಲ್ಲಿ, ಚರ್ಮ ಹದ ಮಾಡುವವನ ಮಗನಾಗಿ ಹುಟ್ಟಿದ. ಮರವನ್ನು ಬಗ್ಗಿಸುವ ಹುಚ್ಚು ಹಿಡಿಸಿಕೊಂಡು ಸಾಲಕ್ಕೆ ಸಿಕ್ಕಿ, 1842ರಲ್ಲಿ ವಿಯೆನ್ನಾಕ್ಕೆ ಹೋದ. ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ 1859ರಲ್ಲಿ ಅವನು ಹೊರತಂದ ಹದಿನಾಲ್ಕನೇ ನಂಬರಿನ ಕುರ್ಚಿಗೆ ಬೇಕಾದದ್ದು ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಇವತ್ತು ನಾಗಸಂದ್ರ ಮೆಟ್ರೋ ಪಕ್ಕದ ಐಕಿಯಾದಿಂದ ಜನ ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ತರುವುದೂ ಇದೇ ಉಪಾಯವನ್ನೇ. 2022ರಲ್ಲಿ ಅದು ತೆರೆದಾಗ ನಮ್ಮ ಯಜಮಾನರೂ ಹೋಗಿ ಮೇಜೊಂದನ್ನು ಬಗ್ಗಿ ನೋಡಿ, "ಹೊಟ್ಟು ಒತ್ತಿದ ಹಲಗೆ" ಎಂದು ಬಂದರಂತೆ. ಕೆಫೆಯ ಕಾಫಿ ಚೆನ್ನಾಗಿತ್ತಂತೆ.

ಆದರೆ ಥೋನೆಟ್‌ನ ನಿಜವಾದ ಜಾಣತನ ಕುರ್ಚಿಯಲ್ಲಿರಲಿಲ್ಲ. 1853ರಲ್ಲೇ ಕಂಪನಿಯನ್ನು ಐದು ಮಂದಿ ಗಂಡುಮಕ್ಕಳ ಹೆಸರಿಗೆ ಬರೆದು, 'ಥೋನೆಟ್ ಸಹೋದರರು' ಎಂದು ಬೋರ್ಡು ಹಾಕಿಸಿದ. ಅವನ ಹೆಸರುವಾಸಿ ಕುರ್ಚಿ ಬಂದದ್ದು ಅದಾದ ಆರು ವರ್ಷಕ್ಕೆ. ಕೆಲಸವನ್ನೂ ಕಷ್ಟವನ್ನೂ ಮಕ್ಕಳು ಅಪ್ಪನ ಜೊತೆಗೇ ಕಂಡಿದ್ದರು. ಐಕಿಯಾದ ಇಂಗ್ವಾರ್ ಕಾಂಪ್ರಾಡ್ ಬೇರೆಯೇ ದಾರಿ ಹಿಡಿದ: 1982ರಲ್ಲಿ ಒಡೆತನವನ್ನು ಪ್ರತಿಷ್ಠಾನವೊಂದಕ್ಕೆ ಕೊಟ್ಟು, ಮನೆಮಂದಿ ಅದನ್ನು ಹಂಚಿಕೊಳ್ಳದಂತೆ ಮಾಡಿದ.

ನಮ್ಮ ಯಜಮಾನರು ಎರಡನ್ನೂ ಮಾಡಲಿಲ್ಲ. ಗರಗಸಕ್ಕೆ ತಮ್ಮ ಬೆರಳ ತುದಿ ಹೋದ ಮೇಲೆ ಮಗನನ್ನು ಆಯುಧಪೂಜೆಯ ದಿನ ಬಿಟ್ಟರೆ ಷೆಡ್ಡಿನೊಳಗೆ ಸೇರಿಸಲೇ ಇಲ್ಲ. ಕಡಲೆಪುರಿ ತಿಂದು ಹೋದ ಹುಡುಗನಿಗೆ ಬೀಟೆ ಯಾವುದು, ಹೊನ್ನೆ ಯಾವುದು ಎಂದು ಗೊತ್ತಾಗುವುದು ಹೇಗೆ? ಗೊತ್ತಿರುವುದು ಉತ್ತರಪ್ರದೇಶದಿಂದ ಬಂದು ಅವರ ಬಳಿ ದುಡಿಯುವ ಹುಡುಗನಿಗೆ. ನಾಳೆ ಷೆಡ್ಡು ಅವನದಾದರೆ ಅನ್ಯಾಯವೇನೂ ಅಲ್ಲ.

ಇನ್ನೂ ಮೊಮ್ಮಗಳಿದ್ದಾಳೆ. ಯಜಮಾನರೇ, ಬರುವ ಬೇಸಿಗೆ ರಜೆಯಲ್ಲಿ ಅವಳನ್ನು ಷೆಡ್ಡಿಗೆ ಕರೆತನ್ನಿ. ಮಿಷಿನ್ನಿನ ಹತ್ತಿರ ಬೇಡ, ಒಂದು ಸ್ಟೂಲಿಗೆ ಪಾಲಿಶ್ ಹಚ್ಚಲಿ. ಎಂಜಿನಿಯರ್ ಆಮೇಲೆ ಆದರಾಯಿತು.