ಹಲಗೆ

ಮಲೆನಾಡಿನ ನಮ್ಮ ಹಳೇ ಮನೆಗೆ ಐದು ಹೊಸ್ತಿಲು. ಅಮ್ಮ ದಿನಾ ಬೆಳಿಗ್ಗೆ ಅವಕ್ಕೆ ಅರಿಸಿನ ಕುಂಕುಮ ಇಡುತ್ತಿದ್ದಳು, ನಾನು ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಕಾಲು ಹೋಯಿತು. ಗಾಲಿಕುರ್ಚಿ ಬಂದದ್ದು ಹತ್ತನೇ ಕ್ಲಾಸಿನಲ್ಲಿ. ಅದು ಹೊಸ್ತಿಲು ಹತ್ತುವುದಿಲ್ಲವೆಂದು ಆಚಾರಿ ಕೊಟ್ಟಿಗೆಯ ಹಳೇ ಬಾಗಿಲು ಕೊಯ್ದು ಒಂದು ಹಲಗೆ ಮಾಡಿಕೊಟ್ಟ. ಹೊಸ್ತಿಲು ಐದು, ಹಲಗೆ ಒಂದು. ಹಾಗಾಗಿ ಅದನ್ನು ಹೊತ್ತು ನನ್ನ ಹಿಂದೆ ಮುಂದೆ ತಿರುಗಲು ಒಬ್ಬರು ಬೇಕು. "ಈಗ ಎಲ್ಲಿಗೋ ಮಾಣಿ?" ಎಂದು ಅಜ್ಜಿ ಕೇಳಿದರೆ ಉತ್ತರ ಸಿದ್ಧವಿರಬೇಕು. ಸುಮ್ಮನೆ ಅಂಗಳಕ್ಕೆ ಎಂದರೆ ಹಲಗೆ ಏಳುತ್ತಿರಲಿಲ್ಲ.

ಮನೆಯಾಚೆ ಆ ಹಲಗೆಯೂ ಇಲ್ಲ, ಎತ್ತುವುದೇ. ನಾಲ್ಕು ಜನ ಹೊತ್ತೊಯ್ಯುವುದು ಮನುಷ್ಯನಿಗೆ ಒಂದೇ ಸಲವಂತೆ. ನನಗೆ ವಾರಕ್ಕೆರಡು ಸಲ ಆಗುತ್ತಿತ್ತು. ಮದುವೆಮನೆಗಳಲ್ಲಿ ಊಟದ ಹಾಲಿಗೆ ಹತ್ತಿಸುವಾಗ ಇದ್ದ ಉತ್ಸಾಹ ಇಳಿಸುವಾಗ ಇರುತ್ತಿರಲಿಲ್ಲ. ಎಷ್ಟು ಹೋಳಿಗೆ ತಿಂದೆ ಎಂಬ ಲೆಕ್ಕ ಮೆಟ್ಟಿಲ ಮೇಲೆ ನಡೆಯುತ್ತಿತ್ತು.

ಹೀಗೆ ಬೆಳೆದವನು ಕೆಲಸದ ಮೇಲೆ ಟೋಕಿಯೊಗೆ ಹೋದರೆ ಏನಾಗಬೇಕು? ಸ್ಟೇಷನ್ನಿನ ಗೇಟಿನಲ್ಲಿ ಎಲ್ಲಿಗೆಂದು ಹೇಳಿದೆ, ಅಷ್ಟೇ. ಟೋಪಿ ಹಾಕಿದ ಸಿಬ್ಬಂದಿಯೊಬ್ಬರು ಮಡಚುವ ಹಲಗೆಯೊಂದನ್ನು ಕಂಕುಳಲ್ಲಿ ಹಿಡಿದು ಬಂದರು. ರೈಲು ನಿಂತಿತು, ಹಲಗೆ ಬಿಚ್ಚಿತು, ನಾನು ಒಳಗೆ. ಇಳಿಯುವ ಸ್ಟೇಷನ್ನಿಗೆ ಆಗಲೇ ಫೋನು ಹೋಗಿತ್ತು. ಅಲ್ಲಿ ಅದೇ ಬಾಗಿಲೆದುರು ಇನ್ನೊಬ್ಬರು, ಇನ್ನೊಂದು ಹಲಗೆ, ಒಂದು ನಮಸ್ಕಾರ. ಮೊದಲ ದಿನ ನನಗೆ ಗಂಟಲು ಕಟ್ಟಿತು. ಇವರಿಗೆ ಇಷ್ಟು ಕರುಣೆ ಎಲ್ಲಿಂದ ಬಂತು ಎಂದು ಆ ಸಂಜೆ ಪರಿಚಯವಾದ ಹಿರಿಯ ಹೆಂಗಸೊಬ್ಬರನ್ನು ಕೇಳಿದೆ.

ಅವರಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಅಂಗವಿಕಲರೇ ನಡೆಸುವ ಕೇಂದ್ರವೊಂದರಲ್ಲಿ ಕೆಲಸ. ಅಂಥ ಕೇಂದ್ರಗಳಿಗೆ ಅಲ್ಲಿ ದಾರಿ ತೋರಿದ್ದು 1986ರಲ್ಲಿ ಹಾಚಿಯೋಜಿಯಲ್ಲಿ ಶುರುವಾದ ಹ್ಯೂಮನ್ ಕೇರ್ ಅಸೋಸಿಯೇಷನ್. ನಮ್ಮಿಬ್ಬರ ನಡುವೆ ಭಾಷಾಂತರಕ್ಕೆ ಫೋನು. ಅವರ ಮಾತು ತೊದಲು, ಫೋನಿಗೆ ಅರ್ಥವಾಗದು. ನನ್ನ ಇಂಗ್ಲಿಷು ಅದಕ್ಕೆ ಇನ್ನೂ ಅರ್ಥವಾಗದು. ಕೊನೆಗೆ ಅವರು ಒಂದು ಬೆರಳಲ್ಲಿ ನಿಧಾನವಾಗಿ ಟೈಪು ಮಾಡಿದರು: "ಕರುಣೆಯಲ್ಲ. ಕವಾಸಾಕಿ, 1977."

ಆಮೇಲೆ ಎರಡು ಗಂಟೆ ಆ ಬೆರಳು ನಿಲ್ಲಲಿಲ್ಲ. 'ಅಓಯಿ ಶಿಬಾ ನೊ ಕಾಯ್', ಅಂದರೆ ಹಸಿರು ಹುಲ್ಲಿನ ಸಂಘ, 1957ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದವರೇ ಟೋಕಿಯೊದಲ್ಲಿ ಕಟ್ಟಿಕೊಂಡದ್ದು. 1970ರಲ್ಲಿ ಯೊಕೊಹಾಮಾದ ತಾಯಿಯೊಬ್ಬಳು ಅಂಗವಿಕಲ ಮಗುವನ್ನು ಕೊಂದಳು. ಪಾಪ, ಆಕೆಗೆ ಶಿಕ್ಷೆ ಕಡಿಮೆ ಮಾಡಿ ಎಂದು ಜನ ಸಹಿ ಸಂಗ್ರಹಿಸಿದರು. ಹಾಗಾದರೆ ಸತ್ತ ಮಗು ಯಾರು ಎಂದು ಕೇಳಿದವರು ಈ ಸಂಘದ ಕನಗಾವಾ ಶಾಖೆಯ ಯೊಕೊತ ಹಿರೋಶಿ, ಯೊಕೊಜುಕ ಕೋಇಚಿ ಮುಂತಾದವರು. ಅದೇ ಮಂದಿಯ ಇನ್ನೊಂದು ಜಗಳ ಬಸ್ಸಿನದು. ಜೊತೆಗೆ ಯಾರಾದರೂ ಇಲ್ಲದೆ ಗಾಲಿಕುರ್ಚಿಯವರು ಹತ್ತುವಂತಿಲ್ಲ ಎಂದು ಬಸ್ಸಿನವರು ಹಟ ಹಿಡಿದಾಗ, 1977ರ ಏಪ್ರಿಲ್ 12ರಂದು ಕವಾಸಾಕಿ ಸ್ಟೇಷನ್ನಿನ ಮುಂದೆ ಇವರು ಬಸ್ಸುಗಳಿಗೆ ಹತ್ತಿ ಕೂತರು, ಇಳಿಯಲಿಲ್ಲ. ಸಾಗರದಾಚೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲೂ ಅದೇ ತಿಂಗಳು ಅಂಗವಿಕಲರು ಸರ್ಕಾರಿ ಕಚೇರಿಯೊಳಗೆ ವಾರಗಟ್ಟಲೆ ಕೂತಿದ್ದರು. ಇಲ್ಲಿ ಬಸ್ಸಿಂದ ಇಳಿಯೆವು ಅಂದರು, ಅಲ್ಲಿ ಕಚೇರಿಯಿಂದ ಏಳೆವು ಅಂದರು. ನಮ್ಮಂಥವರಿಗೆ ಕೂರುವುದರಲ್ಲಿ ಅಭ್ಯಾಸವಿದೆ ನೋಡಿ.

ಜಪಾನಿನಲ್ಲಿ ರೈಲು, ಬಸ್ಸುಗಳಿಗೆಂದೇ ಸುಗಮ ಸಂಚಾರದ ಕಾನೂನು ಬಂದದ್ದು 2000ದಲ್ಲಿ. ಆ ಕೂತವರಿಗೆ ಅಷ್ಟರಲ್ಲಿ ತಲೆ ನರೆತಿತ್ತು.

"ಅಂತೂ ಗೆದ್ದಿರಲ್ಲ ಅಕ್ಕ," ಎಂದೆ. ಅಕ್ಕ ಎಂಬುದನ್ನು ಕನ್ನಡದಲ್ಲೇ ಅಂದೆ, ಫೋನು ಗೊಂದಲಗೊಂಡು ಸುಮ್ಮನಾಯಿತು. ಅವರು ನನ್ನನ್ನೇ ದಿಟ್ಟಿಸಿ ಟೈಪು ಮಾಡಿದರು: "ನಡುವೆ ಯಾವುದೋ ಸ್ಟೇಷನ್ ಚೆಂದ ಕಂಡಿತು ಅನ್ನು. ಇಳಿಯುತ್ತೀಯಾ?"

ಅಲ್ಲಿ ಹಲಗೆ ಕಾಯುತ್ತಿರುವುದಿಲ್ಲವಲ್ಲ! ಹೇಳಿದ ಕಡೆಯೇ ಇಳಿಯಬೇಕು. ನನಗೆ ಅಜ್ಜಿಯ ದನಿ ಕೇಳಿಸಿತು.

ಮರುದಿನ ಅವರು ನನ್ನನ್ನು ಶಿಂಬಾಶಿಗೆ ಕರೆದೊಯ್ದರು. ಅಲ್ಲಿಂದ ಯುರಿಕಾಮೊಮೆ ಎಂಬ ರೈಲು ಕೊಲ್ಲಿಯ ಕಡೆ ಹೊರಡುತ್ತದೆ. 1995ರಿಂದ ಓಡುತ್ತಿದೆ, ಡ್ರೈವರಿಲ್ಲ. ಪ್ಲಾಟ್‌ಫಾರ್ಮೂ ರೈಲೂ ಸಮಮಟ್ಟ, ನಡುವೆ ಸಂದು ಸಣ್ಣದು. ಹಲಗೆಯಿಲ್ಲ, ಎಲ್ಲಿಗೆ ಎಂದು ಕೇಳುವವರೂ ಇಲ್ಲ. ಒಳಗೆ ಹೋದೆ. ಅಭ್ಯಾಸಬಲ, ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ.

ಸೇತುವೆ ದಾಟಿ ಒಂದೆರಡು ಸ್ಟೇಷನ್ ಕಳೆಯಿತು. ಬಾಗಿಲು ತೆರೆದುಕೊಂಡಿತು. ಅಕ್ಕ ಹೊರಗೆ ಕಣ್ಣು ತೋರಿಸಿದರು.

"ಇಲ್ಲೇನಿದೆ?" ಎಂದು ಕೈಸನ್ನೆಯಲ್ಲಿ ಕೇಳಿದೆ.

ಏನೂ ಇಲ್ಲವೆಂದು ಅವರು ತಲೆಯಾಡಿಸಿದರು. ಇಬ್ಬರೂ ಇಳಿದೆವು.